ಹೀರೋ ಹಿಂದೆ ನಿಂತೋರನ್ನ ನೋಡೋ ಕಾಯಿಲೆ

2025ರ ಜುಲೈಯಿಂದ ಈಚೆಗೆ ನೋಡಿದ ಸಿನಿಮಾಗಳ ಬಗ್ಗೆ ಬರೀತೀನಿ ಬರೀತೀನಿ ಅಂತ ಹೇಳ್ಕೊಂಡೇ ಡಿಸೆಂಬರ್ ಬಂತು. ಮೊನ್ನೆ ಊರಿಗೆ ಹೋಗಿ ಬಂದ್ಮೇಲೆ ಇನ್ನು ತಡ ಮಾಡಿದ್ರೆ ಮರ್ತೇ ಹೋಗುತ್ತೆ ಅನ್ಸಿ ಕೂತಿದೀನಿ. ಇದು ರಿವ್ಯೂ ಗಿವ್ಯೂ ಏನಲ್ಲ, ಐದಕ್ಕೆ ಮೂರೂವರೆ ಅಂತ ಮಾರ್ಕ್ಸ್ ಕೊಡೋಕೆ ನಾನೇನು ಮೇಷ್ಟ್ರಾ. ನೋಡಿದ್ದು, ಅನ್ಸಿದ್ದು, ಮನೇಲಿ ಜಗಳ ಆಡಿದ್ದು, ಅಷ್ಟೇ. ಹೊಸದೂ ಇದೆ, ಹತ್ತು ಸಲ ನೋಡಿರೋ ಹಳೇದೂ ಇದೆ.

ನಂಗೊಂದು ಕಾಯಿಲೆ ಇದೆ, ಅದನ್ನ ಮೊದಲು ಹೇಳ್ದೇ ಇದ್ರೆ ಮುಂದಿಂದು ಅರ್ಥ ಆಗಲ್ಲ. ಪರದೆ ಮೇಲೆ ಹೀರೋ ಉದ್ದುದ್ದ ಡೈಲಾಗ್ ಹೊಡೀತಿದ್ರೆ ನನ್ನ ಕಣ್ಣು ಅವನ ಹಿಂದೆ ಬೆಂಚ್ ಮೇಲೆ ಟೀ ಕುಡೀತಾ ಕೂತಿರೋನ ಮೇಲಿರುತ್ತೆ. ಅವನು ನಿಜವಾಗ್ಲೂ ಕುಡೀತಿದಾನಾ, ಇಲ್ಲ ಖಾಲಿ ಲೋಟ ಬಾಯಿಗಿಟ್ಟು ಇಟ್ಟು ಇಳಿಸ್ತಿದಾನಾ, ಪಕ್ಕದಲ್ಲಿ ಹೊಡೆದಾಟ ಆಗ್ತಿದ್ರೂ ತಿರುಗಿ ನೋಡದೆ ಪೇಪರ್ ಓದ್ತಿದಾನಾ, ಇದೆಲ್ಲ ನೋಡ್ತೀನಿ. ಮದುವೆ ಸೀನ್ ಆದ್ರೆ ಹಿಂದೆ ಊಟಕ್ಕೆ ಕೂತೋರ ಎಲೇಲಿ ಏನ್ ಬಡ್ಸಿದಾರೆ ಅಂತ ನೋಡ್ತೀನಿ. ನಮ್ಮನೆಯವಳು ಎಷ್ಟೋ ಸಲ ಬೈದಿದಾಳೆ, ಕಥೆ ಅಲ್ಲಿದೆ ರೀ, ನೀವೆಲ್ಲಿ ನೋಡ್ತಿದೀರ ಅಂತ.

ಈ ಕಾಯಿಲೆ ಅಂಟಿಸಿದ್ದು ನಮ್ಮ ದೊಡ್ಡಪ್ಪ. ನಮ್ಮೂರು ಚಿಕ್ಕಮಗಳೂರು ಕಡೆ, ಕಳಸಾಪುರಕ್ಕೆ ಸೈಕಲ್‌ನಲ್ಲಿ ಹೋಗಿ ಬರೋ ದೂರ. 1974ರಲ್ಲಿ ಬಂದ ಭೂತಯ್ಯನ ಮಗ ಅಯ್ಯು ಶೂಟಿಂಗ್ ಆಗಿದ್ದು ಆ ಕಳಸಾಪುರದಲ್ಲೇ. ದೊಡ್ಡಪ್ಪ ಆಗ ಎಸ್ಸೆಸ್ಸೆಲ್ಸಿ ಫೇಲಾಗಿ ಮನೇಲಿ ಬೈಸ್ಕೊಂಡು ತಿರುಗ್ತಿದ್ದ ಹುಡುಗ. ಸೈಕಲ್ ತುಳ್ಕೊಂಡು ಹೋಗಿ ಊರಿನವರ ಗುಂಪಲ್ಲಿ ನಿಂತು ಬಂದೆ, ನಾನೂ ಆ ಪಿಚ್ಚರ್‌ನಲ್ಲಿದೀನಿ ಅಂತ ಐವತ್ತು ವರ್ಷದಿಂದ ಹೇಳ್ತಾನೇ ಇದಾರೆ. ಯಾವ ಸೀನು ಅಂತ ಕೇಳಿದ್ರೆ ಒಂದೊಂದು ಸಲ ಒಂದೊಂದು. ನಾವು ಚಿಕ್ಕೋರಿದ್ದಾಗ ದೂರದರ್ಶನದಲ್ಲಿ ಆ ಸಿನಿಮಾ ಹಾಕಿದ್ರೆ ಸಾಕು, ಮನೇಲಿ ಯಾರೂ ವಿಷ್ಣುವರ್ಧನ್ ಮುಖ ನೋಡ್ತಿರ್ಲಿಲ್ಲ, ಎಲ್ಲರೂ ವಿಷ್ಣುವರ್ಧನ್ ಹೆಗಲ ಹಿಂದೆ ದೊಡ್ಡಪ್ಪನ್ನ ಹುಡುಕ್ತಿದ್ವಿ. ಒಂದು ಸಲವೂ ಸಿಕ್ಲಿಲ್ಲ. ಟೀವಿಲಿ ನಿಲ್ಲಿಸಿ ನೋಡೋಕೆ ಆಗ್ತಿರ್ಲಿಲ್ವಲ್ಲ. ದೊಡ್ಡಪ್ಪನ ವಿಷಯಕ್ಕೆ ಆಮೇಲೆ ಬರ್ತೀನಿ.

ಸು ಫ್ರಮ್ ಸೋ ನೋಡಿದ್ದು ಥಿಯೇಟರಲ್ಲೇ, ಬಿಡುಗಡೆ ಆಗಿ ಎರಡನೇ ವಾರ. ಜುಲೈ 25ಕ್ಕೆ ಬಂತು, ಮೊದಲನೇ ವಾರ ಟಿಕೆಟ್ ಸಿಗ್ಲಿಲ್ಲ, ಸಿಕ್ಕಿದ್ದು ಮುಂದಿನಿಂದ ಎರಡನೇ ಸಾಲು, ಕುತ್ತಿಗೆ ನೋವು ಎರಡು ದಿನ ಹೋಗ್ಲಿಲ್ಲ. ಆದ್ರೂ ಬೇಜಾರಿಲ್ಲ. ನನ್ನಂಥ ಕಾಯಿಲೆಯವನಿಗೆ ಅಂತಲೇ ಮಾಡಿದ ಸಿನಿಮಾ ಅದು, ಅಲ್ಲಿ ಹಿಂದೆ ನಿಂತೋರು ಅಂತ ಯಾರೂ ಇಲ್ಲ, ಊರಿಗೆ ಊರೇ ಮುಂದೆ ಬಂದು ನಿಂತಿದೆ. ಕಥೆ ಹೇಳೋಕೆ ಹೋದ್ರೆ ಎರಡು ಸಾಲು. ಅಶೋಕ ಅನ್ನೋ ಹುಡುಗ ಒಬ್ಬಳು ಹುಡುಗಿ ಬಚ್ಚಲು ಮನೆ ಇಣುಕೋಕೆ ಹೋಗಿ ಸಿಕ್ಕಿಬೀಳ್ತಾನೆ, ಒದೆ ತಪ್ಪಿಸ್ಕೊಳ್ಳೋಕೆ ಮೈಮೇಲೆ ದೆವ್ವ ಬಂದವರ ಥರ ಆಡ್ತಾನೆ, ಊರವರು ನಂಬ್ತಾರೆ. ನಂಬಿದ್ದು ಎಷ್ಟು ಜೋರಾಗಿ ಅಂದ್ರೆ ದೆವ್ವಕ್ಕೆ ಹೆಸರೂ ಊರೂ ಸಿಕ್ಕಿಬಿಡುತ್ತೆ, ಸೋಮೇಶ್ವರದ ಸುಲೋಚನ. ಸು ಫ್ರಮ್ ಸೋ ಅಂದ್ರೆ ಅದೇ. ಇನ್ನು ನಾಟಕ ಅಂತ ಹೇಳೋಕೂ ಆಗಲ್ಲ, ನಿಲ್ಸೋಕೂ ಆಗಲ್ಲ.

ಡೈರೆಕ್ಟ್ ಮಾಡಿರೋ ಜೆ.ಪಿ. ತುಮಿನಾಡು ಅವರೇ ಅಶೋಕನ ಪಾತ್ರವನ್ನೂ ಮಾಡಿದಾರೆ, ಆದ್ರೆ ಡೈರೆಕ್ಟರ್ ಅಂತ ತಾನೇ ಮೆರೀಲಿಲ್ಲ ನೋಡಿ, ಅದು ಇಷ್ಟ ಆಯ್ತು. ಶನೀಲ್ ಗೌತಮ್ ಮಾಡಿರೋ ರವಿಯಣ್ಣನನ್ನ ನೋಡಿ. ಅಂಥ ಒಬ್ಬ ರವಿಯಣ್ಣ ಪ್ರತಿ ಊರಲ್ಲೂ ಇರ್ತಾನೆ, ಮದುವೆ ಆಗಿರಲ್ಲ, ಯಾರ ಮನೇಲಿ ಏನಾದ್ರೂ ಮೊದಲು ಅವನೇ ಹೋಗ್ಬೇಕು, ಅವನು ಹೂಂ ಅಂದ್ರೆ ಪಂಚಾಯ್ತಿ ಮುಗೀತು. ನಮ್ಮೂರಲ್ಲೂ ಇದಾರೆ, ಹೆಸರು ಬರೆದ್ರೆ ಮುಂದಿನ ಸಲ ಊರಿಗೆ ಕಾಲಿಡೋಕೆ ಬಿಡಲ್ಲ. ಇಂಥವನು ಒಳಗೊಳಗೇ ದೆವ್ವಕ್ಕೆ ಹೆದರ್ಕೊಂಡು ಹೊರಗೆ ಎದೆ ಸೆಟೆಸಿ ನಿಲ್ತಾನಲ್ಲ, ಅಲ್ಲಿ ಆ ನಟನ ಮುಖ ನೋಡ್ಬೇಕು. ಅದೇ ಹೊತ್ತಿಗೆ ಅವನ ಹಿಂದೆ ನಿಂತಿರೋ ನಾಲ್ಕು ಜನ ನಾಲ್ಕು ಥರ ಹೆದರ್ತಿರ್ತಾರೆ. ಒಬ್ಬ ಇನ್ನೊಬ್ಬನ ಹಿಂದೆ ಜಾರ್ಕೊಳ್ತಾನೆ, ಒಬ್ಬನಿಗೆ ಭಯಕ್ಕಿಂತ ಕುತೂಹಲ ಜಾಸ್ತಿ. ಹೀಗೆ ಒಂದೇ ಶಾಟಲ್ಲಿ ಅಷ್ಟೂ ಜನ ಅವರವರ ಕೆಲಸ ಅವರವರು ಮಾಡೋದು ನಾಟಕದವರಿಗೆ ಮಾತ್ರ ಬರುತ್ತೆ. ಇವರಲ್ಲಿ ತುಂಬಾ ಜನ ಮಂಗಳೂರು ಕಡೆ ತುಳು ನಾಟಕ ಆಡಿ ಬಂದೋರು, ರಂಗದ ಮೇಲೆ ಮಾತಿಲ್ಲದೆ ನಿಂತಾಗ್ಲೂ ಸುಮ್ನೆ ನಿಲ್ಲಬಾರದು ಅಂತ ಗೊತ್ತಿರೋರು. ನಂಗೆ ತುಳು ಬರಲ್ಲ, ಆ ಕಡೆ ಕನ್ನಡವೂ ಅರ್ಧ ಹಿಂದಿಂದ ಅರ್ಥ ಆಗುತ್ತೆ, ಎಲ್ಲರೂ ನಕ್ಕಾದ ಮೇಲೆ ನಾನು ನಗ್ತಿದ್ದೆ. ಬಾವ ಬಂದರೋ ಹಾಡಿಗೆ ಪಕ್ಕದ ಸೀಟಿನ ಅಜ್ಜಿ ಚಪ್ಪಾಳೆ ತಟ್ಟಿದ್ರು.

ಮನೆಗೆ ಬರೋ ದಾರೀಲಿ ಜಗಳ. ನಮ್ಮನೆಯವಳ ಮಾತು ಏನಂದ್ರೆ, ಎಲ್ಲ ಸರಿ, ಆದ್ರೆ ಬಚ್ಚಲು ಮನೆ ಇಣುಕಿದ್ದು ಎಲ್ಲಿ ಹೋಯ್ತು? ಆ ಹುಡುಗಿ ಕಥೆ ಏನಾಯ್ತು? ಅದನ್ನ ತಮಾಷೆಗೆ ಹಚ್ಚಿ ಬಿಟ್ರಲ್ಲ. ನಾನು ಹೇಳ್ದೆ, ಎರಡನೇ ಅರ್ಧದಲ್ಲಿ ಭಾನು ಕಥೆ ಬರುತ್ತಲ್ಲ, ಸುಲೋಚನಳ ಮಗಳು, ಸಂಧ್ಯಾ ಅರಕೆರೆ ಮಾಡಿರೋದು, ದೆವ್ವ ಅಂತ ಹೆದರಿದ ಊರು ಕೊನೆಗೆ ಒಬ್ಬಳು ಬದುಕಿರೋ ಹೆಣ್ಣಿನ ಪರವಾಗಿ ನಿಲ್ಲುತ್ತಲ್ಲ ಅಂತ. ಅವಳು ಅದು ಬೇರೆ ಲೆಕ್ಕ, ಈ ಲೆಕ್ಕ ಇನ್ನೂ ಬಾಕಿ ಇದೆ ಅಂದ್ಲು. ಒಂದು ವಾರ ಯೋಚನೆ ಮಾಡಿದ್ಮೇಲೆ ಅವಳು ಹೇಳಿದ್ದೇ ಸರಿ ಅನ್ಸಿದೆ, ಅವಳಿಗೆ ಇನ್ನೂ ಹೇಳಿಲ್ಲ. ರಾಜ್ ಬಿ. ಶೆಟ್ಟಿ ಮಾಡಿರೋ ಸ್ವಾಮೀಜಿ ಬಗ್ಗೆ ಇಬ್ಬರದೂ ಒಂದೇ ಅಭಿಪ್ರಾಯ, ಬಂದ ಹತ್ತು ನಿಮಿಷ ಬಿದ್ದು ಬಿದ್ದು ನಕ್ವಿ, ಆಮೇಲೆ ಸ್ವಲ್ಪ ಬೇಗ ಎದ್ದು ಹೋಗ್ಬಹುದಿತ್ತು.

ಕಾಂತಾರ ಚಾಪ್ಟರ್ 1 ನೋಡಿದ್ದು ಅಕ್ಟೋಬರ್ ಮೊದಲ ವಾರ, ದಸರಾ ರಜೆ, ನಾನು, ಅವಳು, ಮಗಳು, ಅತ್ತೆ. ನಾಲ್ಕು ಟಿಕೆಟ್‌ಗೆ 2,200 ರೂಪಾಯಿ, ಪಾಪ್‌ಕಾರ್ನ್ ಲೆಕ್ಕ ಹೇಳಲ್ಲ, ಅತ್ತೆ ಈ ಬ್ಲಾಗ್ ಓದ್ತಾರೆ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ ಬೆಲೆ 200 ರೂಪಾಯಿ ದಾಟಬಾರದು, ಟ್ಯಾಕ್ಸ್ ಬೇರೆ ಅಂತ ಆದೇಶ ಮಾಡಿದಾಗ ನಾನೆಷ್ಟು ಖುಷಿ ಪಟ್ಟಿದ್ದೆ ಅಂದ್ರೆ ಆಫೀಸಲ್ಲಿ ಎಲ್ಲರಿಗೂ ಮೆಸೇಜ್ ಮಾಡಿದ್ದೆ, ಆ ತಿಂಗಳು ಮುಗಿಯೋದ್ರೊಳಗೆ ಹೈಕೋರ್ಟ್ ತಡೆ ಕೊಡ್ತು. ಒಂದೂವರೆ ವಾರ ಕನಸು ಕಂಡಂಗಾಯ್ತು.

ಸಿನಿಮಾ? ದೊಡ್ಡದು. ಕದಂಬರ ಕಾಲಕ್ಕೆ ಹೋಗಿದಾರೆ, ರಥದ ಸೀನ್ ಬಂದಾಗ ಮಗಳು ನನ್ನ ಕೈ ಹಿಡ್ಕೊಂಡಿದ್ದು ಬಿಡ್ಲೇ ಇಲ್ಲ, ರುಕ್ಮಿಣಿ ವಸಂತ್‌ಗೆ ಕೊನೆಗೂ ಅಳೋದು ಬಿಟ್ಟು ಬೇರೆ ಕೆಲಸ ಕೊಟ್ಟಿದಾರೆ, ರಿಷಬ್ ಶೆಟ್ಟಿ ಮೈಮೇಲೆ ದೈವ ಬಂದಾಗ ಆ ಮನುಷ್ಯ ಸುಸ್ತಾಗೋದೇ ಇಲ್ವಾ ಅನ್ಸುತ್ತೆ. ಇಷ್ಟೆಲ್ಲ ಒಪ್ಕೊಂಡೇ ಹೇಳ್ತೀನಿ, ನಂಗೆ 2022ರ ಕಾಂತಾರವೇ ಮೇಲು. ಯಾಕೆ ಅಂತ ತಲೆ ಕೆಡಿಸ್ಕೊಂಡು ಮನೇಲಿ ಆ ಹಳೇದನ್ನ ಮತ್ತೆ ಹಾಕಿ ನೋಡ್ದೆ. ಹತ್ತೇ ನಿಮಿಷದಲ್ಲಿ ಗೊತ್ತಾಯ್ತು. ಅಲ್ಲಿ ಹೀರೋ ಶಿವನ ಸುತ್ತ ರಾಂಪ ಇದಾನೆ, ಸುಂದರ ಇದಾನೆ, ಕುಡಿದು ಬಿದ್ದು, ಹಂದಿ ಬೇಟೆಗೆ ಹೋಗಿ, ಹೆಂಡತಿ ಹತ್ರ ಬೈಸ್ಕೊಂಡು ಇರೋ ಜನ. ಅವರಿಗೆ ನೋವಾದ್ರೆ ನಮಗೆ ನೋವಾಗುತ್ತೆ, ಅದಕ್ಕೇ ಕೊನೆಗೆ ದೈವ ಬಂದಾಗ ಮೈ ಜುಂ ಅನ್ನುತ್ತೆ, ದೈವ ಕಾಪಾಡ್ತಿರೋದು ಯಾರನ್ನ ಅಂತ ನಮಗೆ ಗೊತ್ತು. ಹೊಸದ್ರಲ್ಲಿ ಹೀರೋ ಬೆರ್ಮೆ ಜೊತೆ ಸಾವಿರ ಜನ ಓಡ್ತಾರೆ, ಸಾಯ್ತಾರೆ, ಒಬ್ಬರ ಹೆಸರೂ ನೆನಪಿಲ್ಲ. ನಾನು ಅಭ್ಯಾಸದಂತೆ ಹಿಂದೆ ನೋಡ್ದೆ, ಹಿಂದೆ ಬರೀ ಸೈನ್ಯ ಇತ್ತು. ಒಬ್ಬರು ಮಾತ್ರ ಬಂದಾಗೆಲ್ಲ ಥಿಯೇಟರಲ್ಲಿ ಬೇರೆ ಥರದ ಸದ್ದು ಬರ್ತಿತ್ತು, ರಾಕೇಶ್ ಪೂಜಾರಿ, ಕಾಮಿಡಿ ಕಿಲಾಡಿಗಳು ಹುಡುಗ, ಮೇ ತಿಂಗಳಲ್ಲಿ ತೀರಿಕೊಂಡ್ರಲ್ಲ ಅವರು. ನಗಿಸ್ತಿದಾರೆ, ಜನ ನಗ್ತಿದಾರೆ, ನಗ್ತಾ ನಗ್ತಾ ಸುಮ್ನಾಗ್ತಿದಾರೆ.

ಇನ್ನೊಂದು ತಮಾಷೆ ಹೇಳ್ಬೇಕು, ಹಳೇ ಕಾಂತಾರದ ರಾಂಪ ಅಂದ್ರೆ ಪ್ರಕಾಶ್ ತುಮಿನಾಡು, ಸುಂದರ ಅಂದ್ರೆ ದೀಪಕ್ ರೈ ಪಾಣಾಜೆ, ಇಬ್ಬರೂ ಸು ಫ್ರಮ್ ಸೋದಲ್ಲೂ ಇದಾರೆ. ಅಂದ್ರೆ ನಂಗೆ ಬೇಕಾದವರೆಲ್ಲ ಕಾಡು ಬಿಟ್ಟು ಸು ಫ್ರಮ್ ಸೋದ ಊರು ಮರ್ಲೂರಿಗೆ ಬಸ್ ಹತ್ತಿದಾರೆ ಅಷ್ಟೇ.

ಪ್ರಕಾಶ್ ತುಮಿನಾಡು ಹೆಸರು ಬಂದಿದ್ದಕ್ಕೆ ಮಿಥ್ಯ ನೆನಪಾಯ್ತು. ಮಾರ್ಚ್‌ನಲ್ಲಿ ಥಿಯೇಟರ್‌ಗೆ ಬಂದಿತ್ತು, ಆಗ ಬಿಟ್ಟಿದ್ದು ತಪ್ಪಾಯ್ತು, ಮನೇಲಿ ನೋಡ್ದೆ, ರಾತ್ರಿ ಹನ್ನೊಂದಕ್ಕೆ, ಒಬ್ಬನೇ. ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈ ಬಿಟ್ಟು ಉಡುಪಿಲಿ ಚಿಕ್ಕಮ್ಮನ ಮನೆಗೆ ಬರ್ತಾನೆ. ನಗಿಸಿ ನಗಿಸಿ ಅಭ್ಯಾಸ ಇರೋ ಪ್ರಕಾಶ್ ಇಲ್ಲಿ ಆ ಮನೆಯ ಯಜಮಾನ, ಆ ಹುಡುಗನ ಹತ್ರ ಏನ್ ಮಾತಾಡ್ಬೇಕು ಅಂತಲೇ ಗೊತ್ತಾಗದೆ ಕೂತಿರೋ ಒಬ್ಬ ಸಾಧಾರಣ ಮನುಷ್ಯ. ಹುಡುಗ ಆತಿಶ್ ಶೆಟ್ಟಿ ಅಳಲ್ಲ. ಅಳೋ ಜಾಗದಲ್ಲೆಲ್ಲ ಎಲ್ಲೋ ನೋಡ್ತಾನೆ. ಸುಮಂತ್ ಭಟ್ ಅನ್ನೋರ ಮೊದಲ ಸಿನಿಮಾ. ನನ್ನ ಹಿಂದೆ ನಿಂತೋರ ಸಿದ್ಧಾಂತ ಇಲ್ಲಿ ಕೆಲಸ ಮಾಡಲ್ಲ, ಇಲ್ಲಿ ಹಿಂದೆ ನಿಂತು ಮಾತಾಡೋ ನೆಂಟರ ಪಿಸುಮಾತೇ ಹುಡುಗನಿಗೆ ಶತ್ರು. ಮುಗಿದ ಮೇಲೆ ಎದ್ದು ಹೋಗಿ ಮಗಳು ಮಲಗಿರೋದನ್ನ ನೋಡ್ಕೊಂಡು ಬಂದೆ. ಇದರ ಬಗ್ಗೆ ಜಾಸ್ತಿ ಬರೆಯೋಕೆ ಆಗ್ತಿಲ್ಲ, ನೋಡಿ.

ಮಧ್ಯದಲ್ಲಿ ರಂಗಾಯಣ ರಘು ವಾರ ಅಂತ ಮಾಡ್ಕೊಂಡು ಎರಡು ನೋಡ್ದೆ, ಅಜ್ಞಾತವಾಸಿ ಮತ್ತೆ ಶಾಖಾಹಾರಿ. ಎರಡೂ ಮಲೆನಾಡು, ಎರಡರಲ್ಲೂ ಮಳೆ ಮೋಡ, ಎರಡರಲ್ಲೂ ಹೆಣ. ಅಜ್ಞಾತವಾಸಿ 1997ರ ಕಥೆ, ಹಳ್ಳಿಗೆ ಮೊದಲನೇ ಕಂಪ್ಯೂಟರ್ ಬಂದ ಕಾಲ, ರಘು ಅಲ್ಲಿ ಪೊಲೀಸ್. ನಿಧಾನ, ತುಂಬಾ ನಿಧಾನ, ನಿದ್ದೆ ಬಂದಿದ್ದು ಸುಳ್ಳಲ್ಲ, ಆದ್ರೆ ಕೊನೆಗೆ ಎಚ್ಚರ ಆದ್ಮೇಲೆ ಮತ್ತೆ ಹಿಂದೆ ಹೋಗಿ ನೋಡೋಹಂಗೆ ಮಾಡ್ತು. ಶಾಖಾಹಾರಿ ಎರಡನೇ ಸಲ ನೋಡಿದ್ದು. ಸಸ್ಯಾಹಾರಿ ಹೋಟೆಲ್ ನಡೆಸೋ ಸುಬ್ಬಣ್ಣ, ರುಬ್ಬೋದು, ಒಗ್ಗರಣೆ ಹಾಕೋದು, ಗಿರಾಕಿ ಬಂದ್ರೆ ಟೇಬಲ್ ಒರೆಸೋದು. ರಘು ಆ ಬಟ್ಟೇಲಿ ಟೇಬಲ್ ಒರೆಸೋ ರೀತಿ ನೋಡಿ, ಇಪ್ಪತ್ತು ವರ್ಷ ಹೋಟೆಲ್ ಇಟ್ಟೋನ ಕೈ ಅದು. ಅಂಥ ಕೈ ಮುಂದೆ ಏನ್ ಮಾಡುತ್ತೆ ಅನ್ನೋದೇ ಸಿನಿಮಾ. ಇಷ್ಟು ವರ್ಷ ಕಿರುಚೋ ಪಾತ್ರ ಕೊಟ್ಟು ಕೊಟ್ಟು ಈ ಮನುಷ್ಯನ್ನ ಹಾಳು ಮಾಡಿದ್ರಲ್ಲ ಅಂತ ಹೊಟ್ಟೆ ಉರೀತು.

ನವೆಂಬರ್‌ನಲ್ಲಿ ಗಡ್ಡಪ್ಪ ತೀರಿಕೊಂಡ್ರು. ತಿಥಿ ಸಿನಿಮಾದ ಗಡ್ಡಪ್ಪ, ನಿಜವಾದ ಹೆಸರು ಚನ್ನೇಗೌಡ, ಮಂಡ್ಯ ಕಡೆ ನೊದೆಕೊಪ್ಪಲಿನವರು. ಸುದ್ದಿ ಓದಿದ ರಾತ್ರಿನೇ ತಿಥಿ ಹಾಕ್ದೆ. 2016ರಲ್ಲಿ ಥಿಯೇಟರಲ್ಲಿ ನೋಡಿದಾಗ ನಾನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ. ಸೆಂಚುರಿ ಗೌಡ ಬೀದೀಲಿ ಹೋಗೋ ಬರೋರನ್ನೆಲ್ಲ ಬೈತಾ ಬೈತಾ ಸಾಯೋದು, 101 ವರ್ಷದ ಮುದುಕನ ತಿಥಿಗೆ ಊರೆಲ್ಲ ಸೇರೋದು, ಮೊಮ್ಮಗ ತಮ್ಮಣ್ಣ ಐದೆಕರೆ ಜಮೀನು ಮಾರೋಕೆ ಬದುಕಿರೋ ಅಪ್ಪ ಸತ್ತ ಅಂತ ಕಾಗದ ಮಾಡಿಸೋಕೆ ಓಡಾಡೋದು. ಅಪ್ಪ ಗಡ್ಡಪ್ಪನಿಗೆ ಇದ್ಯಾವುದೂ ಬೇಡ, ಜಮೀನೂ ಬೇಡ, ಮನೇನೂ ಬೇಡ, ಕೈಯಲ್ಲೊಂದು ಬ್ರಾಂದಿ ಬಾಟ್ಲು, ಕಾಲು ಕರ್ಕೊಂಡು ಹೋದ ಕಡೆ ನಡಿಗೆ. ಮಗ ದುಡ್ಡು ಕೊಟ್ಟು ಊರು ಸುತ್ಕೊಂಡು ಬಾ ಅಂತ ಬಸ್ ಹತ್ತಿಸಿದ್ರೆ ಇವನು ಇಳಿದು ಕುರಿಗಾಹಿಗಳ ಜೊತೆ ಸೇರ್ಕೊಳ್ತಾನೆ.

ಈ ಸಲ ಅಷ್ಟೊಂದು ನಗು ಬರ್ಲಿಲ್ಲ. ವಯಸ್ಸಾಗಿರೋದು ನಂಗಾ ಸಿನಿಮಾಗಾ ಗೊತ್ತಿಲ್ಲ, ಈ ಸಲ ನಾನು ನೋಡಿದ್ದು ತಮ್ಮಣ್ಣನ್ನ. ಮೊದಲನೇ ಸಲ ಅವನು ಅತಿಯಾಸೆ ಮಗ ಅಂತ ಕಾಣ್ತಿದ್ದ. ಈಗ ನೋಡಿದ್ರೆ ಪಾಪ ಇಡೀ ಸಿನಿಮಾದಲ್ಲಿ ಅವನೊಬ್ಬನೇ ಕೆಲಸ ಮಾಡ್ತಿರೋನು, ತಿಥಿ ಖರ್ಚು ಅವನದ್ದು, ಸಾಲ ಅವನದ್ದು, ಅಪ್ಪ ಬೀದಿ ಸುತ್ತೋನು, ಮಗ ಹುಡುಗಿ ಹಿಂದೆ ಅಲೆಯೋನು. ಊರಲ್ಲಿ ಜಮೀನು ಖಾತೆ ಬದಲಾವಣೆಗೆ ನಾನು ಎರಡು ವರ್ಷ ಅಲೆದಿದೀನಿ, ಅದಕ್ಕೇ ಇರ್ಬೇಕು. ಮತ್ತೆ ರಾತ್ರಿ ಗಡ್ಡಪ್ಪ ಕುರಿಯವರ ಜೊತೆ ಕೂತು ತನ್ನ ಸಂಸಾರದ ಕಥೆ ಹೇಳ್ತಾನಲ್ಲ, ಮೊದಲ ಸಲ ನಾನು ಅದನ್ನ ಸರಿಯಾಗಿ ಕೇಳಿಸ್ಕೊಂಡೇ ಇರ್ಲಿಲ್ಲ ಅನ್ಸುತ್ತೆ. ಆ ಕಥೆ ಕೇಳಿದ್ಮೇಲೆ ಇವನು ಯಾಕೆ ಮನೇಲಿ ನಿಲ್ಲಲ್ಲ, ಅಪ್ಪ ಸತ್ರೂ ಯಾಕೆ ಹಂಗೆ ನಡ್ಕೊಂಡು ಹೋಗ್ಬಿಡ್ತಾನೆ ಅಂತ ಗೊತ್ತಾಗುತ್ತೆ. ಆ ಮುಖದಲ್ಲಿ ಏನೂ ಇಲ್ಲ, ದನಿ ಏರಲ್ಲ ಇಳಿಯಲ್ಲ, ಯಾರೋ ಬೇರೆಯವರ ಮನೆ ವಿಷಯ ಹೇಳ್ದಂಗೆ ಹೇಳ್ತಾರೆ. ನಟನೆ ಕಲಿತೋರು ಯಾರಾದ್ರೂ ಆಗಿದ್ರೆ ಅಲ್ಲೊಂದು ಹನಿ ಕಣ್ಣೀರು ಹಾಕ್ಬಿಡ್ತಿದ್ರು.

ಈ ಸಿನಿಮಾದ ಜನ ಎಲ್ಲ ಅಲ್ಲಿನ ಹಳ್ಳಿಯವರೇ, ಕ್ಯಾಮೆರಾ ಮುಖ ಕಂಡೋರಲ್ಲ. ರಾಮ್ ರೆಡ್ಡಿ ಡೈರೆಕ್ಟರ್, ಕಥೆ ಕಟ್ಟಿದ್ದು ಆ ಊರಿನ ನಂಟಿರೋ ಈರೇಗೌಡರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ, ಆಮೇಲೆ ಇಲ್ಲಿ ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ. ಬೇರೆ ಸಿನಿಮಾದೋರಾಗಿದ್ರೆ ಈ ಜನರನ್ನ ಹೀರೋ ಹಿಂದೆ ಟವೆಲ್ ಹೊದಿಸಿ ನಿಲ್ಲಿಸಿ ಸಂಜೆ ಕೂಲಿ ಕೊಟ್ಟು ಕಳಿಸ್ತಿದ್ರು. ಇಲ್ಲಿ ಹಿಂದೆ ನಿಲ್ಲೋರನ್ನೇ ಕರ್ದು ಮುಂದೆ ನಿಲ್ಲಿಸಿ ಹಿಂದೆ ಯಾರನ್ನೂ ಇಡ್ಲಿಲ್ಲ. ಆಮೇಲೆ ಗಡ್ಡಪ್ಪ, ಸೆಂಚುರಿ ಗೌಡ ಇಬ್ಬರನ್ನೂ ಹಿಡ್ಕೊಂಡು ಬಂದು ಏನೇನೋ ಸಿನಿಮಾ ಮಾಡಿದ್ರು, ಅದರ ಬಗ್ಗೆ ಮಾತಾಡೋದು ಬೇಡ, ಇಬ್ಬರೂ ಈಗಿಲ್ಲ.

ಮಗಳಿಗೆ ಒಂದು ಭಾನುವಾರ ಗಣೇಶನ ಮದುವೆ ತೋರಿಸ್ದೆ. ನಾನು ಅದನ್ನ ಎಷ್ಟು ಸಲ ನೋಡಿದೀನಿ ಅಂತ ಲೆಕ್ಕ ಇಲ್ಲ. ಅವಳು ಒಂಬತ್ತು ವರ್ಷದೋಳು, ಮೊದಲನೇ ಪ್ರಶ್ನೆ, ಇವರೆಲ್ಲ ಯಾಕೆ ಒಂದೇ ಮನೇಲಿ ಇದಾರೆ? ವಠಾರ ಅಂದ್ರೆ ಏನು ಅಂತ ಹೇಳೋಕೆ ಹತ್ತು ನಿಮಿಷ ಬೇಕಾಯ್ತು, ಅಪಾರ್ಟ್‌ಮೆಂಟ್ ಥರ, ಆದ್ರೆ ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುತ್ತೆ ಅಂದೆ, ಹಂಗಾದ್ರೆ ನಮ್ಮ ವಾಟ್ಸಾಪ್ ಗ್ರೂಪ್ ಥರ ಅಂದ್ಲು. ಹೌದು ಕಣಮ್ಮ. ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. ಆದಿಲಕ್ಷ್ಮಿ ಶ್ರುತಿ ಅನ್ನೋ ಹೆಸರಲ್ಲಿ ಹಾಡ್ತಾಳೆ, ಗಣೇಶ ವೈ.ಜಿ. ರಾವ್ ಅಂತ ಅವಳಿಗೆ ಕಾಗದ ಬರೀತಾನೆ, ಇಬ್ಬರೂ ಒಂದೇ ವಠಾರದಲ್ಲಿ ದಿನಾ ಕಿತ್ತಾಡ್ತಾರೆ, ಯಾರು ಯಾರು ಅಂತ ಗೊತ್ತಿಲ್ಲ. ಪಪ್ಪಾ, ಡಿಪಿ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ? 1990ರ ಸಿನಿಮಾಗೆ ಹೀಗೊಂದು ಹೊಡೆತ ಕೊಡ್ತಾಳೆ ಅಂದ್ಕೊಂಡಿರ್ಲಿಲ್ಲ. ಆದ್ರೆ ನಕ್ಕಿದ್ದು ಮಾತ್ರ ಎಲ್ಲ ಕಡೆ ಸರಿಯಾಗೇ ನಕ್ಲು, ಅದ್ರಲ್ಲೂ ವಠಾರದ ಓನರ್ ರಮಣಮೂರ್ತಿ, ಮುಖ್ಯಮಂತ್ರಿ ಚಂದ್ರು ಮಾಡಿದಾರಲ್ಲ, ಅವರು ಬಂದಾಗೆಲ್ಲ ಸೋಫಾ ಮೇಲೆ ಉರುಳಾಡಿದ್ಲು. ಅನಂತ್ ನಾಗ್‌ಗಿಂತ ಓನರ್ ಅಂಕಲ್ ಇಷ್ಟ ಅಂತೆ. ಕಾಯಿಲೆ ಮುಂದಿನ ತಲೆಮಾರಿಗೂ ಬಂತು.

ಈಗ ದೊಡ್ಡಪ್ಪ. ಅವರಿಗೆ ಪೊರೆ ಆಪರೇಷನ್ ಆಗಿತ್ತು, ಬಲಗಣ್ಣು. ಟೀವಿ ನೋಡ್ಬೇಡಿ, ಬಗ್ಬೇಡಿ, ತಲೆಗೆ ನೀರು ಹಾಕ್ಬೇಡಿ ಅಂತ ಹೇಳಿ ಕಪ್ಪು ಕನ್ನಡಕ ಹಾಕಿ ಕಳಿಸಿದ್ರು, ಅಷ್ಟು ದಿನ ದೊಡ್ಡಮ್ಮನ ಪ್ರಾಣ ತಿಂದಿದಾರೆ. ನೋಡ್ಕೊಂಡು ಬರೋಣ ಅಂತ ಮೊನ್ನೆ ಊರಿಗೆ ಹೋದಾಗ ಕನ್ನಡಕ ತೆಗೆದಾಗಿತ್ತು, ಡ್ರಾಪ್ಸ್ ಇನ್ನೂ ಹಾಕ್ತಿದ್ರು. ರಾತ್ರಿ ಊಟ ಆದ್ಮೇಲೆ ಅವರೇ ಕೇಳಿದ್ರು, ಲೋ, ಆ ಭೂತಯ್ಯ ಹಾಕ್ತೀಯೇನೋ, ಈಗ ಕಣ್ಣು ಸರಿಯಾಗಿ ಕಾಣುತ್ತೆ. ಯೂಟ್ಯೂಬ್‌ನಲ್ಲಿ ಇದೆ, ಟೀವಿಗೆ ಫೋನ್ ಹಾಕ್ದೆ, ಈ ಸಲ ನಿಲ್ಲಿಸಿ ನಿಲ್ಲಿಸಿ ನೋಡೋಣ ಅಂತ ಅಣ್ಣ, ಅತ್ತಿಗೆ, ಮಕ್ಕಳು ಎಲ್ಲ ಕೂತ್ವಿ.

ಎಷ್ಟೋ ವರ್ಷ ಆದ್ಮೇಲೆ ಪೂರ್ತಿ ನೋಡ್ದೆ ಅದನ್ನ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ಧಲಿಂಗಯ್ಯ ಡೈರೆಕ್ಷನ್. ಎಂ.ಪಿ. ಶಂಕರ್ ಭೂತಯ್ಯ, ಬಡ್ಡಿ ಸಾಲ ಕೊಟ್ಟು ಊರನ್ನೇ ಹಿಂಡಿದ ಮನುಷ್ಯ, ಸತ್ರೆ ಹೆಣ ಎತ್ತೋಕೆ ಒಂದು ನರಪಿಳ್ಳೆ ಬರಲ್ಲ. ಚಿಕ್ಕೋನಿದ್ದಾಗ ಆ ಸೀನಲ್ಲಿ ಭೂತಯ್ಯಂಗೆ ಹಿಂಗೇ ಆಗ್ಬೇಕಿತ್ತು ಅಂತ ಖುಷಿ ಆಗ್ತಿತ್ತು, ಈ ಸಲ ಮಗ ಅಯ್ಯು ಆಗಿರೋ ಲೋಕೇಶ್ ಮುಖ ನೋಡಿ ಗಂಟಲು ಕಟ್ತು. ಅಪ್ಪ ಕೆಟ್ಟೋನು ಅಂತ ಮಗನಿಗೂ ಗೊತ್ತು, ಆದ್ರೂ ಅಪ್ಪನೇ ತಾನೆ. ಅಲ್ಲಿಂದ ಮುಂದೆ ಅಯ್ಯು ಏನೇನ್ ಮಾಡ್ತಾನೋ ಅದೆಲ್ಲದಕ್ಕೂ ಬೀಜ ಆ ಬಾಗ್ಲಲ್ಲಿ ನಿಂತು ಜನ ಬರ್ತಾರಾ ಅಂತ ಕಾಯೋ ನೋಟದಲ್ಲಿದೆ. ವಿಷ್ಣು ಅಭಿಮಾನಿಗಳು ಬೈಬೇಡಿ, ಗುಳ್ಳನಾಗಿ ವಿಷ್ಣುವರ್ಧನ್ ಚೆನ್ನಾಗೇ ಇದಾರೆ, ಆದ್ರೆ ಈ ಸಿನಿಮಾ ಲೋಕೇಶ್‌ದು. ಮಧ್ಯೆ ಕೋರ್ಟು ಕಚೇರಿ ದ್ವೇಷ ಅಂತ ಸ್ವಲ್ಪ ಎಳೀತಾರೆ, ಅಷ್ಟರಲ್ಲಿ ಮಕ್ಕಳೆಲ್ಲ ಎದ್ದು ಹೋದ್ರು.

ಆಮೇಲೆ ಮನೆ ದೋಚೋ ಸೀನ್. ಊರು ಊರೇ ನುಗ್ಗುತ್ತೆ, ಒಬ್ಬೊಬ್ಬರಿಗೆ ಒಂದೊಂದು ಸಿಗುತ್ತೆ, ಲೋಕನಾಥ್‌ಗೆ ಉಪ್ಪಿನಕಾಯಿ ಸಿಗುತ್ತೆ. ಆ ಮನುಷ್ಯ ಅದನ್ನ ನೆಕ್ಕಿ ನೆಕ್ಕಿ ತಿನ್ನೋದು ನೋಡಿದ್ರೆ ಇವತ್ತಿಗೂ ಬಾಯಲ್ಲಿ ನೀರು ಬರುತ್ತೆ. ಅವರು ಎಷ್ಟೋ ನಾಟಕ, ಎಷ್ಟೋ ಸಿನಿಮಾ ಮಾಡಿದಾರೆ, 2018ರ ಡಿಸೆಂಬರ್ 31ಕ್ಕೆ ತೀರಿಕೊಂಡಾಗ ಎಲ್ಲ ಕಡೆ ಬಂದಿದ್ದು ಉಪ್ಪಿನಕಾಯಿನೇ. ಊರು ದೊಂಬಿ ಎದ್ದಿರೋವಾಗ ಒಬ್ಬನಿಗೆ ಬೇಕಾಗಿದ್ದು ಚಿನ್ನ ಅಲ್ಲ, ಅಕ್ಕಿ ಅಲ್ಲ, ಎಷ್ಟು ದಿನದಿಂದ ಆಸೆ ಪಟ್ಟು ಸಿಗದೇ ಇದ್ದ ಉಪ್ಪಿನಕಾಯಿ. ಹಿಂದೆ ನಿಂತೋರ ಬಗ್ಗೆ ನಾನು ಇಷ್ಟೊತ್ತು ಕೊರೆದಿದ್ದನ್ನೆಲ್ಲ ಸಿದ್ಧಲಿಂಗಯ್ಯನೋರು ಒಂದು ಭರಣಿಲಿ ಹಾಕಿಟ್ಟಿದಾರೆ.

ಲೋ ಲೋ, ನಿಲ್ಸು ನಿಲ್ಸು, ಅಂದ್ರು ದೊಡ್ಡಪ್ಪ.

ನಿಲ್ಲಿಸ್ದೆ. ಹಿಂದೆ ತಗೋ, ಇನ್ನೂ ಹಿಂದೆ, ಹಾಂ, ಅಲ್ಲೇ. ಎದ್ದು ಟೀವಿ ಹತ್ರ ಹೋದ್ರು, ಡ್ರಾಪ್ಸ್ ಹಾಕಿದ ಕಣ್ಣು ಚಿಕ್ಕದು ಮಾಡಿ ನೋಡಿದ್ರು, ಗುಂಪಲ್ಲಿ ಬೆನ್ನು ತಿರುಗಿಸಿ ನಿಂತಿರೋ ಒಬ್ಬನ ಮೇಲೆ ಬೆರಳಿಟ್ರು. ಅಂಗಿ ಇಲ್ಲ, ತಲೆಗೆ ಟವೆಲ್ ಸುತ್ತಿದೆ, ಮುಖ ಕಾಣಲ್ಲ. ಇದು ನಾನೇ ಕಣೋ, ಇದು ನನ್ನ ಬೆನ್ನು. ಐವತ್ತು ವರ್ಷದಿಂದ ಮುಖ ಹುಡುಕ್ತಿದ್ವಿ ನಾವು, ಬೆನ್ನು ಹುಡುಕೋಕೆ ಹೊಳೆದೇ ಇರ್ಲಿಲ್ಲ. ಅಣ್ಣ ಫೋನ್ ತೆಗೆದು ಟೀವಿ ಪರದೆಯದ್ದೇ ಒಂದು ಫೋಟೋ ಹೊಡ್ದ. ನಂಗೂ ಯಾಕೋ ಆ ನಿಲ್ಲೋ ರೀತಿ, ಒಂದು ಹೆಗಲು ಸ್ವಲ್ಪ ಇಳಿದಿರೋದು, ದೊಡ್ಡಪ್ಪನೇ ಅನ್ಸೋಕೆ ಶುರುವಾಯ್ತು.

ದೊಡ್ಡಮ್ಮ ಅಡುಗೆ ಮನೆಯಿಂದ ಕೈ ಒರೆಸ್ಕೊಂಡು ಬಂದ್ರು. ಬಾಗ್ಲಲ್ಲೇ ನಿಂತು ಒಂದು ನಿಮಿಷ ನೋಡಿದ್ರು.

"ನಲವತ್ತೇಳು ವರ್ಷದಿಂದ ಹಬ್ಬಕ್ಕೊಂದ್ಸಲ ಎಣ್ಣೆ ಹಚ್ಚಿ ತಿಕ್ಕಿರೋ ಬೆನ್ನು. ಅದು ಇವರದ್ದಲ್ಲ. ಮುಂದಕ್ಕೆ ಹಾಕಪ್ಪ, ಪ್ರವಾಹ ಬರ್ಲಿ."